ಕುರ್ತುಬಾದಲ್ಲಿ ಲೇಖನಿ ಹಿಡಿದ ಮಹಿಳೆಯರು



ಸ್ಪೇನ್ ದೇಶದ ದಕ್ಷಿಣದಲ್ಲಿ ಕಾರ್ಡೋಬಾ ಎಂಬ ನಗರವಿದೆ. ಮುಸ್ಲಿಮರ ಆಳ್ವಿಕೆಯ ಕಾಲದಲ್ಲಿ ಅದೇ ಕುರ್ತುಬಾ, ಅಂದಲುಸ್‌ನ ರಾಜಧಾನಿ. ಅಲ್ಲಿನ ದೊಡ್ಡ ಮಸೀದಿಯ ಕಮಾನುಗಳನ್ನು ಚಿತ್ರದಲ್ಲಿ ಕಂಡು ನಾವು ಹೆಮ್ಮೆಪಡುತ್ತೇವೆ. ಆದರೆ ಆ ನಗರದ ವಿದ್ಯಾವಂತ ಮಹಿಳೆಯರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

961ರಿಂದ 976ರವರೆಗೆ ಆಳಿದ ಖಲೀಫ ಎರಡನೇ ಅಲ್ ಹಕಮ್ ಪುಸ್ತಕಪ್ರೇಮಿ. ಅವರ ಆಸ್ಥಾನದಲ್ಲಿ ಬರಹದ ಕೆಲಸ ನೋಡಿಕೊಳ್ಳುತ್ತಿದ್ದವರಲ್ಲಿ ಲುಬ್ನಾ ಎಂಬ ಮಹಿಳೆಯೂ ಇದ್ದರು. ವ್ಯಾಕರಣ, ಕಾವ್ಯ, ಗಣಿತ ಮೂರರಲ್ಲೂ ಅವರು ನಿಪುಣೆ, ಬರವಣಿಗೆ ಬಹಳ ಸುಂದರ ಎಂದು ಇಬ್ನ್ ಬಷ್ಕುವಾಲ್ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಲುಬ್ನಾ ತೀರಿಕೊಂಡದ್ದು 984ರಲ್ಲಿ. ಅದೇ ಕಾಲದ ಆಯಿಷಾ ಬಿಂತ್ ಅಹ್ಮದ್ ಕವಯಿತ್ರಿ. ಸ್ವಂತ ಪುಸ್ತಕ ಸಂಗ್ರಹ ಹೊಂದಿದ್ದ ಅವರು ಕುರ್‌ಆನ್ ಪ್ರತಿಗಳನ್ನು ಕೈಯಾರೆ ಬರೆಯುತ್ತಿದ್ದರು.

ಇವರಿಬ್ಬರೇ ಅಲ್ಲ. ಕುರ್ತುಬಾದ ಪೂರ್ವದ ಬಡಾವಣೆಯಲ್ಲಿ 170 ಮಹಿಳೆಯರು ಕೂಫಿ ಲಿಪಿಯಲ್ಲಿ ಕುರ್‌ಆನ್ ಪ್ರತಿ ಮಾಡುತ್ತಿದ್ದರೆಂದು ಇತಿಹಾಸಕಾರ ಅಬ್ದುಲ್ ವಾಹಿದ್ ಅಲ್ ಮರ್ರಾಕುಷಿ ಬರೆದಿದ್ದಾರೆ. ಆಗ ಅಲ್ಲಿ ಮುದ್ರಣಯಂತ್ರವಿರಲಿಲ್ಲ. ಒಂದು ಅಕ್ಷರ ತಪ್ಪಿದರೆ ಅರ್ಥವೇ ಬದಲಾಗುವ ಕೆಲಸವದು. ಅಂತಹ ಹೊಣೆಯನ್ನು ಆ ಸಮಾಜ ಹೆಣ್ಣಿನ ಕೈಗೆ ನಂಬಿ ಕೊಟ್ಟಿತ್ತು.

ಇನ್ನೊಂದು ಮಾತು. 994ರಲ್ಲಿ ಹುಟ್ಟಿದ ಮಹಾ ವಿದ್ವಾಂಸ ಇಬ್ನ್ ಹಜ್ಮ್ ಮಂತ್ರಿಯ ಮಗ. ಬಾಲ್ಯದಲ್ಲಿ ತನಗೆ ಕುರ್‌ಆನ್ ಕಲಿಸಿದವರು, ಕವಿತೆ ಹೇಳಿಕೊಟ್ಟವರು, ಅಕ್ಷರ ತಿದ್ದಿಸಿದವರು ಮನೆಯ ಮಹಿಳೆಯರೇ ಎಂದು ಅವರು ಸ್ವತಃ ಬರೆದುಕೊಂಡಿದ್ದಾರೆ. ಓದಿದ ಹೆಣ್ಣು ಮನೆಯಲ್ಲಿದ್ದರೆ ಲಾಭ ಯಾರಿಗೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಕುರ್ತುಬಾದ ಎಲ್ಲ ಹೆಣ್ಣುಮಕ್ಕಳೂ ಓದಿದ್ದರೆಂದು ನಾನು ಹೇಳುವುದಿಲ್ಲ. ಹೆಸರು ಉಳಿದವರಲ್ಲಿ ಹೆಚ್ಚಿನವರು ಅರಮನೆಯವರು, ಇಲ್ಲವೇ ವಿದ್ವಾಂಸರ ಮನೆಯವರು. ಹಳೆಯ ವೈಭವವನ್ನು ಉತ್ಪ್ರೇಕ್ಷೆ ಮಾಡುವುದು ಬೇಡ. ಆದರೆ ಬಾಗಿಲು ತೆರೆದ ಕಡೆ ಹೆಣ್ಣುಮಕ್ಕಳು ಎಷ್ಟು ಎತ್ತರಕ್ಕೆ ಏರಿದರೆಂಬುದು ಸತ್ಯ.

ಪೋಷಕರೇ, ಹತ್ತನೇ ತರಗತಿಯ ಫಲಿತಾಂಶ ಬಂದೊಡನೆ "ಇನ್ನು ಸಾಕು ಸರ್, ಹುಡುಗಿ ಅಲ್ಲವೇ" ಎಂದು ವರ್ಗಾವಣೆ ಪತ್ರ ಕೇಳಲು ಬರುವ ತಂದೆಯರನ್ನು ನಾನು ಕಂಡಿದ್ದೇನೆ. ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಮಗಳನ್ನೂ ಕಂಡಿದ್ದೇನೆ. ಸಾವಿರ ವರ್ಷದ ಹಿಂದೆ ಅಲ್ಲಾಹನ ಗ್ರಂಥವನ್ನೇ ಹೆಣ್ಣಿನ ಕೈಗೆ ನಂಬಿ ಕೊಟ್ಟವರ ಕಥೆ ಹೇಳಿ ಹೆಮ್ಮೆಪಡುವ ನಾವು, ನಮ್ಮ ಮಗಳ ಕೈಗೆ ಕಾಲೇಜಿನ ಪುಸ್ತಕ ಕೊಡಲು ಹಿಂಜರಿಯುವುದು ಸರಿಯೇ?

ವಿದ್ಯಾರ್ಥಿನಿಯರೇ, ಲುಬ್ನಾರ ಹೆಸರು ನೆನಪಿಡಿ. ಗಣಿತ ಕಷ್ಟವೆನಿಸಿದ ದಿನ ಅದು ನಿಮಗೆ ಧೈರ್ಯ ಕೊಡಲಿ. ಅಲ್ಲಾಹನು ನಮಗೆಲ್ಲ ಉಪಯುಕ್ತ ಜ್ಞಾನವನ್ನು ಕರುಣಿಸಲಿ, ಆಮೀನ್.