ಮಗ್ಗದ ಮಾತು, ಮಾತಿನ ನಂಟು



ಹುನಗುಂದದ ಎರೆಭೂಮಿಯ ಒಕ್ಕಲಿಗನಿಗೆ ‘ಹತ್ತಿ’ ಎಂದರೆ ಬೆಳೆ. ನೆರೆಯ ಮರಾಠಿಗರಿಗೆ ‘ಹತ್ತೀ’ ಎಂದರೆ ಆನೆ. ಕಿವಿಗೆ ಎರಡೂ ಒಂದೇ. ಆದರೆ ಇವಕ್ಕೆ ಯಾವ ನಂಟೂ ಇಲ್ಲ. ಮರಾಠಿಯ ಶಬ್ದವು ಸಂಸ್ಕೃತದ ‘ಹಸ್ತಿ’ಯಿಂದ ಇಳಿದುದು. ನಮ್ಮ ‘ಹತ್ತಿ’ಯ ಒಡಹುಟ್ಟುಗಳಾದರೋ ತಮಿಳಿನ ‘ಪರುತ್ತಿ’, ತೆಲುಗಿನ ‘ಪ್ರತ್ತಿ’. ಕೇಳುವುದಕ್ಕೆ ದೂರ, ಹುಟ್ಟಿನಲ್ಲಿ ಹತ್ತಿರ.

ಇದನ್ನು ಅರಿಯುವ ಬಗೆ ಹೇಗೆ? ಭಾಷಾಶಾಸ್ತ್ರವು ಒಂದೆರಡು ಶಬ್ದಗಳ ಹೋಲಿಕೆಯನ್ನು ನಂಬುವುದಿಲ್ಲ. ನಿಯತವಾದ ಮಾರ್ಪಾಟನ್ನು ನಂಬುತ್ತದೆ. ನಮ್ಮ ಹಾಲು, ಹುಲಿ, ಹಲ್ಲುಗಳಿಗೆ ತಮಿಳಿನಲ್ಲಿ ಪಾಲ್, ಪುಲಿ, ಪಲ್ ಎಂದಿವೆ. ಹಳಗನ್ನಡದಲ್ಲಿಯೂ ಪಕಾರವೇ ಇದ್ದಿತು. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರಲ್ಲಿ ಕಪ್ಪೆ ಅರಭಟ್ಟನ ಶಾಸನವನ್ನು ಕೊರೆದಾಗ ಅದಿನ್ನೂ ಹಕಾರವಾಗಿರಲಿಲ್ಲ. ಈ ಮಾರ್ಗದಲ್ಲಿ ಕಾಲ್ಡ್‌ವೆಲ್ಲರು 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಬರೆದರು. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿಕೋಶವು 1961ರಲ್ಲಿ ಹೊರಬಿದ್ದಿತು.

ಇಳಕಲ್ಲಿನ ಸಾಂಪ್ರದಾಯಿಕ ಸೀರೆಯನ್ನು ನೋಡಿ. ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡು ಹಾಸುಗಳನ್ನೂ ಕುಣಿಕೆ ಹಾಕಿ ಕೂಡಿಸುತ್ತಾರೆ. ನುಡಿಯೂ ಹಾಗೆಯೇ. ‘ನೂಲು’, ‘ನೆಯ್’ ಎಂಬವು ತಮಿಳು ತೆಲುಗುಗಳಲ್ಲಿಯೂ ಇರುವ ಮನೆಯ ಆಸ್ತಿ. ‘ರೇಷ್ಮೆ’ಯು ಪಾರಸಿಯಿಂದ ಬಂದ ಅತಿಥಿ. ಅಡ್ಡನೂಲಿನ ‘ಹೊಕ್ಕು’ ಎಂಬ ಹೆಸರು, ಒಳಸೇರು ಎಂಬರ್ಥದ ‘ಹೊಗು’ ಧಾತುವಿನದು. ಹಳಗನ್ನಡದಲ್ಲಿ ಅದು ‘ಪುಗು’, ತಮಿಳಿನಲ್ಲಿ ‘ಪುಕು’. ನೇಕಾರನು ದಿನವೂ ಆಡುವ ಮಾತು ಹೀಗೆ ಇತಿಹಾಸದ ಸಾಕ್ಷಿಯಾಗಿದೆ.

ಸಾಕ್ಷಿಗಳು ಅಳಿಯುವುದೂ ಉಂಟು. ಇಥಿಯೋಪಿಯ, ಎರಿಟ್ರಿಯಗಳ ಅಗೌ ಭಾಷೆಗಳ ತೌಲನಿಕ ನಿಘಂಟನ್ನು ಆಪಲ್‌ಯಾರ್ಡರು 2006ರಲ್ಲಿ ಪ್ರಕಟಿಸಿದರು. ಆ ಕುಟುಂಬದ ಕಿಮಂತ್ ಜನರು ಬಹುಮಟ್ಟಿಗೆ ಅಮ್ಹಾರಿಕ್ ನುಡಿಗೆ ತಿರುಗಿದ್ದಾರೆ. ಅವರ ಹಳೆಯ ಮಾತನ್ನು ಮೊದಲೇ ಬರೆದಿಟ್ಟುದರಿಂದಲ್ಲವೆ ಹೋಲಿಕೆ ಸಾಧ್ಯವಾದುದು? ಕನ್ನಡಕ್ಕೆ ಅಂತಹ ಗತಿ ಬಂದಿಲ್ಲ, ನಿಜ. ಆದರೆ ಕೈಮಗ್ಗವು ನಿಂತ ಮನೆಯಲ್ಲಿ ಲಾಳಿ, ಹಣಿಗೆಗಳ ಹೆಸರುಗಳೂ ನಾಲಗೆಯಿಂದ ಜಾರುತ್ತವೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿದಾಗ ಜನರಿಗಾಗಿ ನವನಗರವನ್ನು ಕಟ್ಟಬಹುದಾಯಿತು. ಮರೆತ ಶಬ್ದವನ್ನು ಹಾಗೆ ಬೇರೊಂದೆಡೆ ಕಟ್ಟಲಾಗದು.

ಆದುದರಿಂದ ವಿದ್ಯಾವಂತರು ಊರಿಗೆ ಹೋದಾಗ ಕಸುಬುಬಲ್ಲ ಹಿರಿಯರ ಬಳಿ ಕುಳಿತು ಅವರ ಮಾತುಗಳನ್ನು ಬರೆದುಕೊಳ್ಳಬೇಕು. ಊರನ್ನೂ ಕಸುಬನ್ನೂ ಗುರುತಿಸಬೇಕು. ‘ಮನಿ’ ಎಂದರೆ ‘ಮನಿ’ ಎಂದೇ ಬರೆಯಬೇಕು; ‘ಮನೆ’ ಎಂದು ತಿದ್ದಬಾರದು. ಸಾಕ್ಷಿಯ ಬಾಯಿಗೆ ನಮ್ಮ ಮಾತನ್ನು ತುರುಕಿದರೆ ನ್ಯಾಯ ನಡೆಯುವುದುಂಟೆ?