ಹೆಸರಿಲ್ಲದ ಮುಖಗಳು

1948ರ ಜನವರಿ 31. ದೆಹಲಿಯಲ್ಲಿ ಗಾಂಧೀಜಿಯ ಅಂತಿಮ ಯಾತ್ರೆ. ಅದರ ಕಪ್ಪು-ಬಿಳುಪು ದೃಶ್ಯಗಳನ್ನು ಸಾಕ್ಷ್ಯಚಿತ್ರಗಳಲ್ಲಿ ನೋಡಿರುತ್ತೀರಿ. ಆಗ ಹುಟ್ಟಿಯೇ ಇರದ ನಮಗೂ ಗಂಟಲು ಕಟ್ಟುತ್ತದೆ. ಯಾಕೆ?

ನನ್ನನ್ನು ಹಿಡಿದು ನಿಲ್ಲಿಸುವುದು ಗಣ್ಯರಲ್ಲ, ದಾರಿಯುದ್ದಕ್ಕೂ ಕಿಕ್ಕಿರಿದ ಜನ. ಅವರ ಹೆಸರನ್ನು ಯಾರೂ ಹೇಳುವುದಿಲ್ಲ. ನಮ್ಮೂರು ಬಿ.ದುರ್ಗದಲ್ಲಿ ಬಸ್ಸಿಗೆ ಕಾಯುವವರ ಮುಖಗಳಂತೆಯೇ ಇವೆ ಅವು.

ಅಂದು ಆಕಾಶವಾಣಿಯ ಮೆಲ್ವಿಲ್ ಡಿ ಮೆಲ್ಲೊ ಸುಮಾರು ಏಳು ಗಂಟೆ ಕಾಲ ಆ ಯಾತ್ರೆಯ ವೀಕ್ಷಕ ವಿವರಣೆ ಕೊಟ್ಟರು. ಚಿತ್ರವಿಲ್ಲ, ಬರೀ ದನಿ. ಕೇಳಿದವರು ಅತ್ತರು. ಆದರೆ ಈಗಿನ ಕೆಲವು ಸಾಕ್ಷ್ಯಚಿತ್ರಗಳು ಅಳಿಸಲೆಂದೇ ಪಿಟೀಲು ಸೇರಿಸುತ್ತವೆ. ನನಗದು ಹಿಡಿಸದು.

ಈ ದೃಶ್ಯಗಳನ್ನು ಮಕ್ಕಳ ಜೊತೆ ಕೂತು ನೋಡಿ. 'ಗಾಂಧೀಜಿಯನ್ನು ಯಾಕೆ ಕೊಂದರು?' ಎಂದು ಅವರು ಕೇಳಿಯಾರು. ಆಗ ಟಿವಿ ಆರಿಸಿ, ಮಾತಾಡಿ.