ಉಸುಕು ಮಸಾರಿ ಹೊಲದ ಗುಣ ಮತ್ತು ನಮ್ಮ ಕೆರೆಯ ಮಣ್ಣು

(ಸಂಘದ ರಜತ ಮಹೋತ್ಸವದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾವು ಭಾಷಣ ಮಾಡುವವರಲ್ಲ. ಅಣ್ಣತಮ್ಮಂದಿರು ಕೂಡಿ ಊರ ಮೂಡಣ ದಿಕ್ಕಿನ ಮಸಾರಿ ಹೊಲ ಮಾಡಿಕೊಂಡು ಬಂದವರು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಂಘದ ಬಗ್ಗೆ ನಮಗಿಂತ ಮುಂಚೆ ಮಾತನಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾವು ಮಣ್ಣಿನ ಮಾತು ಆಡುತ್ತೇವೆ. ಯಾಕಂದರೆ ಸಂಘದಲ್ಲಿ ಎತ್ತಿದ ಸಾಲದ ದೊಡ್ಡ ಪಾಲು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಅದು ಬೆಳೆಗೆ ಮುಟ್ಟಿತೋ, ನೆಲದೊಳಗೆ ಇಳಿದು ಹೋಯಿತೋ ಎಂಬ ಲೆಕ್ಕವನ್ನು ಯಾವ ಕಿರ್ದಿ-ಖಾತೆಯಲ್ಲೂ ಬರೆಯುವುದಿಲ್ಲ.

ನಮ್ಮ ಶಿಗ್ಗಾಂವ ತಾಲೂಕಿನ ಪಡುವಣಕ್ಕೆ ಮಲೆನಾಡಿನ ಸೆರಗು, ಮೂಡಣಕ್ಕೆ ಬಯಲು. ಒಂದೇ ಊರಿನಲ್ಲಿ ಎರಿ ಹೊಲವೂ ಇದೆ, ಮಸಾರಿಯೂ ಇದೆ, ದಿಬ್ಬದ ಮೇಲೆ ಬರೇ ಗರಸೂ ಇದೆ. ಎರಿ ಹೊಲದವನಿಗೆ ಮೊದಲಿನಿಂದಲೂ ಮರ್ಯಾದೆ ಒಂದು ತೂಕ ಹೆಚ್ಚು. ಹೆಣ್ಣು ಕೊಡುವಾಗಲೂ "ಎರಿ ಎಷ್ಟೈತಿ, ಮಸಾರಿ ಎಷ್ಟೈತಿ?" ಅಂತ ಕೇಳುವ ಹಿರಿಯರು ಇದ್ದರು. ಆದರೆ ಮಸಾರಿ ಕೆಟ್ಟ ಮಣ್ಣಲ್ಲ. ಅದರ ಸ್ವಭಾವ ಬೇರೆ, ಅಷ್ಟೆ. ಮಳೆ ನಿಂತ ಮರುದಿನವೇ ಎಡೆ ಹೊಡೆಯಬಹುದು. ಎರಿ ಹೊಲ ನಾಲ್ಕು ದಿನ ಕಾಲಿಡಲು ಬಿಡುವುದಿಲ್ಲ. ಶೇಂಗಾ ಕೀಳುವಾಗ ಬಳ್ಳಿಯ ಕೂಡ ಕಾಯಿ ಸಲೀಸಾಗಿ ಬರುತ್ತವೆ. ಇದಕ್ಕೆಲ್ಲ ಕಾರಣ ಅದರಲ್ಲಿರುವ ಉಸುಕು.

ಉಸುಕು ಅಂದರೆ ಎಷ್ಟು ದಪ್ಪ? ಎರಡು ಮಿಲಿಮೀಟರಿನಿಂದ ಹಿಡಿದು ಒಂದು ಮಿಲಿಮೀಟರಿನ ಇಪ್ಪತ್ತನೆಯ ಪಾಲಿನವರೆಗಿನ ಹರಳಿಗೆ ಉಸುಕು ಅನ್ನುತ್ತಾರೆ. ಜೇಡಿಯ ಕಣ ಒಂದು ಮಿಲಿಮೀಟರಿನ ಐನೂರನೆಯ ಪಾಲಿಗಿಂತಲೂ ಸಣ್ಣದು. ಇವೆರಡರ ನಡುವಿನದು ನುಣುಪಾದ ಹೂಳು. ಉಸುಕಿನ ಹರಳುಗಳ ನಡುವೆ ಸಂದು ದೊಡ್ಡದು. ನೀರು ಬಿದ್ದ ಹಾಗೆಯೇ ಕೆಳಗೆ ಇಳಿಯುತ್ತದೆ. ಒಂದು ಮೀಟರ್ ಆಳದ ಉಸುಕು ಮಣ್ಣು ಬೆಳೆಗೆ ಸಿಗುವಂತೆ ಹಿಡಿದಿಡುವ ನೀರು ಸುಮಾರು 6ರಿಂದ 10 ಸೆಂಟಿಮೀಟರ್. ಜೇಡಿ ಹೆಚ್ಚಿದ್ದ ಮಣ್ಣಾದರೆ 15ರಿಂದ 20. ಅದಕ್ಕೇ ಎಂಟು ದಿನ ಬಿಸಿಲು ಬಿದ್ದರೆ ಮಸಾರಿಯ ಗೋವಿನಜೋಳ ಮಧ್ಯಾಹ್ನಕ್ಕೆ ಎಲೆ ಸುತ್ತಿಕೊಳ್ಳುತ್ತದೆ, ಎರಿಯೊಳಗಿನದು ಇನ್ನೂ ನಗುತ್ತಿರುತ್ತದೆ.

ಗೊಬ್ಬರದ ಗತಿಯೂ ಹಾಗೆಯೇ. ಯೂರಿಯಾ ಮಣ್ಣಿಗೆ ಬಿದ್ದ ಮೇಲೆ ಮೊದಲು ಅಮೋನಿಯಂ ಆಗುತ್ತದೆ. ಅದನ್ನು ಜೇಡಿಯ ಕಣಗಳು ಅಂಟಿಸಿಕೊಂಡು ಹಿಡಿಯುತ್ತವೆ. ಆಮೇಲೆ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ನೀರಿನ ಕೂಡ ಇಳಿಯುವಂಥದ್ದು. ಎರಿಯೊಳಗೆ ನೀರು ಸಾವಕಾಶ ಇಳಿಯುವುದರಿಂದ ಬೇರಿಗೆ ಉಣ್ಣಲು ವೇಳೆ ಸಿಗುತ್ತದೆ. ಮಸಾರಿಯೊಳಗೆ ಹಿಡಿಯುವ ಜೇಡಿಯೂ ಕಡಿಮೆ, ಕಾಯುವ ವೇಳೆಯೂ ಕಡಿಮೆ. ಆರಿದ್ರಾ ಮಳೆ ಜೋರು ಹಿಡಿದ ಒಂದು ವರ್ಷ ನಾವು ಗೋವಿನಜೋಳಕ್ಕೆ ಹಾಕಬೇಕಾದ ಯೂರಿಯಾ ಎಲ್ಲ ಒಮ್ಮೆಗೇ ಚೆಲ್ಲಿ ಬಂದೆವು. ಮೂರು ದಿನ ಮಳೆ ಬಿಡಲಿಲ್ಲ. ಹದಿನೈದು ದಿನಕ್ಕೆ ಬೆಳೆ ಅರಿಷಿಣದ ಬಣ್ಣಕ್ಕೆ ಬಂತು. ಬಾಜು ಹೊಲದ ಕಾಕಾ ಬದುವಿನ ಮೇಲೆ ನಿಂತು, "ಗೊಬ್ಬರಾ ಹಾಕೀರೋ, ಇಲ್ಲೋ?" ಅಂತ ಕೇಳಿದರು. ಹಾಕಿದ್ದೆವು. ಸಾಲದ ಹಣದ ಗೊಬ್ಬರ ಬೇರಿನ ಕೆಳಗೆ ಹೋಗಿತ್ತು.

ಇಲ್ಲಿ ಒಂದು ದೂರದ ದೇಶದ ಸಂಗತಿ ಹೇಳಬೇಕು. ನಮ್ಮ ಮನೆಯ ಹುಡುಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವಾಗ ತಂದ ಪುಸ್ತಕದಿಂದ ತಿಳಿದದ್ದು. ಅಮೆರಿಕೆಯ ವಿಸ್ಕಾನ್ಸಿನ್ ರಾಜ್ಯದ ನಡುವೆ ವಿಶಾಲವಾದ ಉಸುಕಿನ ಬಯಲು ಇದೆ. ಹಿಮಯುಗದಲ್ಲಿ ಉತ್ತರದಿಂದ ಇಳಿದು ಬಂದ ಹಿಮದ ಗಡ್ಡೆ ಅಲ್ಲಿನ ನದಿಗೆ ಅಡ್ಡ ನಿಂತು ದೊಡ್ಡ ಕೆರೆಯೇ ಆಗಿತ್ತು. ಹಿಮ ಕರಗಿದ ನೀರು ಹೊತ್ತು ತಂದ ಉಸುಕು ಆ ಕೆರೆಯೊಳಗೂ ಸುತ್ತಲೂ ತುಂಬಿತು. ಸಾವಿರಾರು ವರ್ಷಗಳ ಹಿಂದೆ ಹಿಮದ ಒಡ್ಡು ಒಡೆದು ನೀರು ಹರಿದು ಹೋಯಿತು, ಉಸುಕು ಉಳಿಯಿತು. ಈಗ ಅಲ್ಲಿ ನೀರಾವರಿ ಮಾಡಿ ಬಟಾಟೆ ಬೆಳೆಯುತ್ತಾರೆ. ಬೆಳೆ ಚಲೋ ಬರುತ್ತದೆ. ಆದರೆ ಹಾಕಿದ ಗೊಬ್ಬರದ ನೈಟ್ರೇಟ್ ಉಸುಕಿನೊಳಗೆ ಇಳಿದು ಎಷ್ಟೋ ಮನೆಗಳ ಬಾವಿ ನೀರು ಕೆಟ್ಟಿದೆ.

ನಮ್ಮ ಮಸಾರಿ ಹಿಮದಿಂದ ಆದದ್ದಲ್ಲ. ಹಿಮದ ಗಡ್ಡೆ ನಮ್ಮ ಕಡೆ ಬಂದದ್ದೇ ಇಲ್ಲ. ನಮ್ಮ ಕಾಲ ಕೆಳಗಿನ ಕಲ್ಲು 250 ಕೋಟಿ ವರ್ಷಕ್ಕೂ ಹಿಂದಿನದು. ಅದು ಮಳೆಬಿಸಿಲಿಗೆ ಸವೆದು, ಅದರ ಕಬ್ಬಿಣದ ಅಂಶ ತುಕ್ಕು ಹಿಡಿದು ಕೆಂಪಾದ ಮಣ್ಣು ಇದು. ಹುಟ್ಟು ಬೇರೆಯಾದರೂ ಉಸುಕಿನ ಗುಣ ಒಂದೇ. ನಮ್ಮ ಊರೊಳಗೂ ಬೋರಿನ ನೀರೇ ಕುಡಿಯುತ್ತೇವೆ ಎಂಬುದನ್ನು ಮರೆಯಬಾರದು. ಒಂದು ಲೀಟರ್ ನೀರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಮ್ ದಾಟಬಾರದೆಂದು ನಮ್ಮ ದೇಶದ ನಿಯಮ. ಹೆಚ್ಚಾದರೆ ಬಾಟಲಿ ಹಾಲು ಕುಡಿಯುವ ಎಳೆಗೂಸಿಗೆ ಅಪಾಯ. ರಕ್ತ ಆಮ್ಲಜನಕ ಒಯ್ಯುವುದು ಕುಂದಿ ಮೈ ನೀಲಿಗಟ್ಟುತ್ತದೆ. ತಾಯಂದಿರು ಒಂದು ಮಾತು ಲಕ್ಷ್ಯದಲ್ಲಿಡಬೇಕು: ನೀರು ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ.

ಇನ್ನು ಕೆರೆಯ ಮಾತು. ಮಸಾರಿಗೆ ಕೆರೆ ಮಣ್ಣು ಹೊಡೆಯುವುದು ಅಜ್ಜನ ಕಾಲದಿಂದ ಬಂದ ಪದ್ಧತಿ. ಆಗ ಚಕ್ಕಡಿ, ಈಗ ಟ್ರ್ಯಾಕ್ಟರ್. ಉಸುಕಿಗೆ ಜೇಡಿ ಕೂಡಿದರೆ ನೀರೂ ನಿಲ್ಲುತ್ತದೆ, ಗೊಬ್ಬರವೂ ನಿಲ್ಲುತ್ತದೆ. ಬಹಳ ಒಳ್ಳೆಯ ಕೆಲಸ. ಆದರೆ ನಾವು ಇದರಲ್ಲೂ ಮೋಸ ಹೋದೆವು, ಅದನ್ನು ಮುಚ್ಚಿಡುವುದಿಲ್ಲ. ಒಂದು ಬೇಸಿಗೆಯಲ್ಲಿ ಕೆರೆ ಬತ್ತತೊಡಗಿದಾಗ ಹಳ್ಳ ಬಂದು ಕೂಡುವ ಬಾಯಿಯ ಕಡೆ ಮೊದಲು ಒಣಗಿತು. ಟ್ರ್ಯಾಕ್ಟರ್ ಸಲೀಸಾಗಿ ಇಳಿಯಿತು. ಮಂದಿ ಬರುವುದರೊಳಗೆ ಹೊಡೆದುಬಿಡೋಣ ಅಂತ ಅವಸರ ಮಾಡಿ ಎಕರೆಗೆ ಇಪ್ಪತ್ತೈದು ಟ್ರೇಲರ್ ಹೊಡೆದೆವು. ಬಾಡಿಗೆಯ ಹಣ ಕೈಗಡ. ಮಿರಗಾ ಮಳೆ ಬಿದ್ದ ಮೇಲೆ ನೋಡಿದರೆ ಮಣ್ಣು ತೊಳೆದು ಉಸುಕು ಹೊಳೆಯುತ್ತಿತ್ತು. ಅದೇ ಕಾಕಾ ಮತ್ತೆ ಬಂದರು. "ಉಸುಕಿನ ಮ್ಯಾಲೆ ಉಸುಕು ಹೇರೀರಲ್ರಪಾ, ಮನಿ ಕಟ್ಟಾವ್ರೇನು?" ಅಂದರು. ಉತ್ತರ ಕೊಡಲು ಬಾಯಿ ಬರಲಿಲ್ಲ.

ಯಾಕೆ ಹೀಗಾಯಿತು? ಓಡುವ ನೀರು ಕೆರೆಗೆ ಬಂದು ನಿಂತ ಕೂಡಲೇ ಮೊದಲು ಭಾರದ್ದನ್ನು ಇಳಿಸುತ್ತದೆ. ಗರಸು, ಉಸುಕು ಹಳ್ಳದ ಬಾಯಲ್ಲೇ ಬೀಳುತ್ತವೆ. ಹೂಳು ಸ್ವಲ್ಪ ಮುಂದೆ ಹೋಗುತ್ತದೆ. ಜೇಡಿ ನೀರಿನಲ್ಲಿ ತೇಲಿಕೊಂಡು ದೂರ, ಒಡ್ಡಿನ ಕಡೆಯ ಆಳದವರೆಗೆ ಹೋಗಿ ನಿಧಾನಕ್ಕೆ ಕೂಡುತ್ತದೆ. ಹಿಮದ ಕೆರೆಯಿರಲಿ, ನಮ್ಮೂರ ಕೆರೆಯಿರಲಿ, ನೀರಿನ ನಡತೆ ಬದಲಾಗುವುದಿಲ್ಲ. ಮಸಾರಿಗೆ ಬೇಕಾದ ಮಣ್ಣು ಕೊನೆಗೆ ಒಣಗುವ ಜಾಗದಲ್ಲಿದೆ. ಅವಸರದವನಿಗೆ ಅದು ಸಿಗುವುದಿಲ್ಲ.

ಹಾಗಂತ ಒಡ್ಡಿನ ಬುಡವನ್ನೇ ಕೆದರಬಾರದು. ಒಡ್ಡಿನಿಂದ ಸಾಕಷ್ಟು ದೂರ ಬಿಟ್ಟು, ತೂಬಿಗೆ ಪೆಟ್ಟಾಗದಂತೆ ತೆಗೆಯಬೇಕು. ಹೂಳು ಮಾತ್ರ ತೆಗೆಯಬೇಕು, ಕೆಳಗಿನ ಗರಸು ಕಾಣುವತನಕ ತೋಡಬಾರದು. ತಳದ ಜೇಡಿಯ ಪದರವೇ ಕೆರೆಯ ನೀರನ್ನು ಹಿಡಿದಿರುವುದು. ಅದು ಹರಿದರೆ ಹೊಲಕ್ಕೆ ಮಣ್ಣು ಬಂತು, ಕೆರೆಗೆ ನೀರು ಹೋಯಿತು ಅಂದಂತೆ. ಇಟ್ಟಂಗಿ ಭಟ್ಟಿಗೆ ಕೆರೆ ಮಣ್ಣು ಮಾರುವ ಮಾತು ಆಗಾಗ ಏಳುತ್ತದೆ. ಭಟ್ಟಿಯವರಿಗೂ ಬೇಕಾದದ್ದು ಇದೇ ಜೇಡಿ. ಮಸಾರಿ ಹೊಲದವರು ಇಷ್ಟು ಮಂದಿ ಇರುವ ಊರು ಇದನ್ನು ಮಾರಬಾರದೆಂಬುದು ನಮ್ಮ ಅಭಿಪ್ರಾಯ. ಸಿಟ್ಟಾದವರು ಕ್ಷಮಿಸಬೇಕು.

ಯಾವ ಮಣ್ಣು ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆ ಇದೆ. ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಸಾಬೂನು ಪುಡಿ ಬೆರೆಸಿ ಚೆನ್ನಾಗಿ ಅಲುಗಿಸಿ ಇಡಿರಿ. ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂತದ್ದು ಉಸುಕು. ಕೆಲವು ತಾಸಿನಲ್ಲಿ ಅದರ ಮೇಲೆ ಕೂತದ್ದು ಹೂಳು. ಮರುದಿನವೂ ನೀರು ಕದಡಿದ್ದರೆ ಅದು ಜೇಡಿ. ಕೆರೆಯ ಆಟವೆಲ್ಲ ಬಾಟಲಿಯಲ್ಲಿ ಕಾಣುತ್ತದೆ. ಟ್ರೇಲರಿನ ಬಾಡಿಗೆ ಗೊತ್ತುಪಡಿಸುವ ಮುಂಚೆ ಇಷ್ಟು ಮಾಡಿದ್ದರೆ ನಮ್ಮ ಹಣ ಉಳಿಯುತ್ತಿತ್ತು. ಪೋಷಕಾಂಶ ಎಷ್ಟಿದೆ ಎಂಬುದು ಮಾತ್ರ ಬಾಟಲಿಗೆ ತಿಳಿಯದು. ಅದಕ್ಕೆ ಪ್ರಯೋಗಾಲಯವೇ ಬೇಕು. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ಮಣ್ಣು ತಪಾಸಿಸಿದಾಗ ರಾಜ್ಯದ ಬಹಳ ಕಡೆ ಸತು, ಬೋರಾನ್, ಗಂಧಕದ ಕೊರತೆ ಕಂಡಿತು. ಬರೇ ಯೂರಿಯಾ ಹಾಕಿದರೆ ಅದು ತುಂಬುವುದಿಲ್ಲ.

ಕಡೆಯದಾಗಿ ಸಂಘಕ್ಕೆ ಒಂದು ವಿನಂತಿ. ಮಸಾರಿಗೆ ಯೂರಿಯಾವನ್ನು ಬಿತ್ತುವಾಗ ಸ್ವಲ್ಪ, ಮೊಣಕಾಲುದ್ದ ಬಂದಾಗ ಒಮ್ಮೆ, ಸೂಲಂಗಿ ಹೊರಡುವ ಮುಂಚೆ ಒಮ್ಮೆ, ಹೀಗೆ ಒಡೆದು ಕೊಡಬೇಕು; ಹದ ಇದ್ದಾಗ ಕೊಟ್ಟು ಮಣ್ಣು ಮುಚ್ಚಬೇಕು. ಇದು ಎಲ್ಲರಿಗೂ ಗೊತ್ತು. ಆದರೂ ಒಮ್ಮೆಗೇ ಚೆಲ್ಲುತ್ತೇವೆ. ಯಾಕೆ? ಲೋಡು ಬಂದ ದಿನ ಎತ್ತಿಕೊಳ್ಳದಿದ್ದರೆ ಮುಂದೆ ಸಿಗುತ್ತದೋ ಇಲ್ಲವೋ ಎಂಬ ಭಯ. ಮನೆಯಲ್ಲಿಟ್ಟರೆ ತೇವ ಹಿಡಿದು ಗಡ್ಡೆ ಕಟ್ಟುತ್ತದೆ. ಮಸಾರಿ ಹೊಲದ ಸದಸ್ಯರ ಹೆಸರು ಬರೆದಿಟ್ಟು, ಅವರ ಎರಡನೆಯ ಮತ್ತು ಮೂರನೆಯ ಕಂತಿನ ಚೀಲಗಳನ್ನು ಸಂಘದ ಗೋದಾಮಿನಲ್ಲೇ ಕಾಯ್ದಿರಿಸಿ, ಚೀಟಿ ತೋರಿಸಿದಾಗ ಕೊಡುವ ವ್ಯವಸ್ಥೆ ಆಗಬೇಕು. ಮುಂದಿನ ವಾರ್ಷಿಕ ಸಭೆಯಲ್ಲಿ ಇದನ್ನು ಠರಾವಿಗೆ ಇಡುತ್ತೇವೆ. ಒಪ್ಪಿದವರು ಕೈ ಎತ್ತಬೇಕು.

ನಿನ್ನೆ ಸಂಜೆ ಅಲುಗಿಸಿಟ್ಟ ಮೂರು ಬಾಟಲಿಗಳು ಹೊರಗೆ ಕಟ್ಟೆಯ ಮೇಲಿವೆ. ಒಂದು ನಮ್ಮ ಹೊಲದ್ದು, ಒಂದು ಹಳ್ಳದ ಬಾಯಿಯದು, ಒಂದು ಕೆರೆಯ ಆಳದ್ದು. ಊಟಕ್ಕೆ ಹೋಗುವಾಗ ನೋಡಿಕೊಂಡು ಹೋಗಿರಿ.